ಹೊಳೆಗೆ ಬೆನ್ನು ಮಾಡಿ ಹೇಳು

"ಗುರುಗಳೇ, ಓದಿದ್ದು ತಲೆಯಲ್ಲಿ ನಿಲ್ಲಲಿ ಎಂದು ನಿಮ್ಮ ಬಳಿಗೆ ಬಂದೆ. ನೀವು ಮರೆತದ್ದನ್ನೇ ಹುಡುಕಿ ಹುಡುಕಿ ಕೇಳುತ್ತೀರಲ್ಲ, ಇದು ಯಾವ ಸೀಮೆಯ ಪಾಠ?"

ಹೀಗೆ ಕೇಳಿದವನು ಚೆನ್ನವೀರ. ಅವನು ಹಾವು ಕಡಿದವರನ್ನು ಉಳಿಸುವ ವಿಷವೈದ್ಯ ಕಲಿಯಲು ಬಂದವನು. ಮದ್ದುಗಳ ಪುಸ್ತಕವನ್ನು ನೂರು ಸಲ ಓದಿದ್ದ. ಗುರುಗಳೋ ಪುಸ್ತಕ ಮುಚ್ಚಿಸಿ ಕೇಳುವವರು. ಅದೂ ಹದಿನೈದು ದಿನ ಸುಮ್ಮನಿದ್ದು, ಅವನು ಬೇರೆ ಪಾಠದಲ್ಲಿ ಮುಳುಗಿದ ಮೇಲೆ ಹಳೆಯದನ್ನು ಕೇಳುವವರು. ಆ ಬೆಳಿಗ್ಗೆ ಉಳಿದ ಶಿಷ್ಯರೆಲ್ಲರ ಎದುರು ತಡವರಿಸಿ ಅವನಿಗೆ ಮೈಯೆಲ್ಲ ಉರಿದುಹೋಗಿತ್ತು. ಬೇರೊಬ್ಬ ಪಂಡಿತರ ಬಳಿಗೆ ಹೊರಡಲು ಗಂಟು ಕಟ್ಟಿಕೊಂಡೇ ಬಂದಿದ್ದ.

ಗುರುಗಳಿಗೂ ಸಿಟ್ಟೇರಿತು. "ಹೋಗುವುದಾದರೆ ಹೋಗು. ಒಂದು ಕತೆ ಕೇಳಿಕೊಂಡು ಹೋಗು" ಎಂದು ಆರಂಭಿಸಿದರು.

ಒಬ್ಬ ಮುದಿ ಅಂಬಿಗನಿದ್ದ. ಅವನಿಗೆ ಒಬ್ಬಳೇ ಮಗಳು. ಮನೆಯಳಿಯನಿಗೆ ಹರಿಗೋಲು ನಡೆಸುವುದನ್ನು ಕಲಿಸತೊಡಗಿದ. ಬೇಸಿಗೆಯಲ್ಲಿ ಹೊಳೆಯ ಬಂಡೆಗಳೆಲ್ಲ ಕಾಣುತ್ತವೆ, ಮಳೆಗಾಲದಲ್ಲಿ ಒಂದೂ ಕಾಣುವುದಿಲ್ಲ. ಆದ್ದರಿಂದ ಮುದುಕ ಪ್ರತಿದಿನ ದಡದಲ್ಲಿ ಅಳಿಯನನ್ನು ಹೊಳೆಗೆ ಬೆನ್ನು ಮಾಡಿ ನಿಲ್ಲಿಸುತ್ತಿದ್ದ. ಯಾವ ಬಂಡೆಯಾದ ಮೇಲೆ ಯಾವುದು, ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ ಎಂದು ಹೇಳಿಸುತ್ತಿದ್ದ. ಅಳಿಯ ತಿಣುಕಿದರೆ ತಿಣುಕಲು ಬಿಡುತ್ತಿದ್ದ. ಆಮೇಲೆ ಮೂರು ದಿನ ಬಿಟ್ಟು ಕೇಳುತ್ತಿದ್ದ, ಇನ್ನೂ ಮುಂದೆ ಪಕ್ಷ ಬಿಟ್ಟು ಕೇಳುತ್ತಿದ್ದ.

ಅಳಿಯ ಒಂದು ದಿನ ಸಿಡಿದುಬಿದ್ದ. "ಮಾವ, ನಿಮಗೆ ಕಲಿಸೋದು ಬೇಕಾಗಿಲ್ಲ, ನನ್ನ ಮಾನ ಕಳೆಯೋದು ಬೇಕು. ದಿನಾ ನೋಡೋ ಬಂಡೆ, ಕಣ್ಣಿಗೆ ಕಟ್ಟಿದ ಹಾಗಿದೆ."

"ಕಣ್ಣಿಗೆ ಕಟ್ಟಿದ್ದು ನೀರು ಬಂದಾಗ ಬಿಚ್ಚಿಹೋಗ್ತದೆ" ಎಂದ ಮುದುಕ.

ಅಳಿಯ ಮುಖ ಊದಿಸಿಕೊಂಡು ಊಟ ಬಿಟ್ಟ. ಮಗಳು ಕಣ್ಣೀರು ಹಾಕಿದಳು. ಮುದುಕನ ಮನಸ್ಸು ಕರಗಿತು, ಕೇಳುವುದನ್ನು ಬಿಟ್ಟ. ಅಳಿಯ ಬೇಸಿಗೆಯಿಡೀ ಬಂಡೆಗಳನ್ನು ನೋಡುತ್ತಾ ಹಾಯಾಗಿ ಹರಿಗೋಲು ನಡೆಸಿದ.

ಮಳೆಗಾಲ ಬಂತು. ಕೆಂಪು ನೀರು ಬಂಡೆಗಳನ್ನೆಲ್ಲ ನುಂಗಿತು. ಆಚೆ ದಡಕ್ಕೆ ಹೋಗಬೇಕಾದ ಹೆಂಡತಿಯನ್ನು ಕೂರಿಸಿಕೊಂಡು ಅಳಿಯ ಹೊರಟ. ನಡುಹೊಳೆಯಲ್ಲಿ ಎಡವೋ ಬಲವೋ ತಿಳಿಯದೆ ಅವನ ಕೈ ನಿಂತುಹೋಯಿತು. ಹರಿಗೋಲು ಬಂಡೆಗೆ ಬಡಿದು ಮಗುಚಿತು. ಅವನು ಈಜಿ ದಡ ಸೇರಿದ. ಅವಳು ಸೇರಲಿಲ್ಲ.

ಊರವರು ಅಳಿಯನ ಮೇಲೆ ಕೈ ಎತ್ತಿದರು. ಮುದುಕ ಅಡ್ಡ ನಿಂತ. "ಅವನನ್ನು ಮುಟ್ಟಬೇಡಿ. ಅವನ ಊದಿದ ಮೋರೆ ನೋಡಿ, ಕೇಳೋದು ಬಿಟ್ಟವನು ನಾನು. ಹೊಡೆಯೋದಾದ್ರೆ ನನಗೆ ಹೊಡೀರಿ" ಎಂದ. ಮಗಳ ಹೆಣವನ್ನು ತಾನೊಬ್ಬನೇ ಹೊತ್ತು ನಡೆದ.

ಕತೆ ಮುಗಿಯಿತು. ಚೆನ್ನವೀರನಿಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ. "ನಾನು ಅಂಬಿಗನಲ್ಲ ಗುರುಗಳೇ" ಎಂದ.

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು: "ನಿನ್ನ ಬೈಗುಳವನ್ನು ಎಷ್ಟು ದಿನ ಬೇಕಾದರೂ ಹೊರುತ್ತೇನೆ, ನೀನು ತಡವರಿಸುವಾಗ ಸತ್ತವರ ಹೆಣವನ್ನು ಹೊರಲಾರೆ."

ಚೆನ್ನವೀರ ಗಂಟು ಬಿಚ್ಚಿ, ಮದ್ದುಗಳ ಪುಸ್ತಕವನ್ನು ತೆಗೆದು ಮುಚ್ಚಿದಂತೆಯೇ ಗುರುಗಳ ಮುಂದಿಟ್ಟ.