ತುಕ್ಕಿನ ಕಲೆ

ಅಮೆರಿಕದ ದಟ್ಟ ಕಾಡುಗಳಲ್ಲಿ ದಾರಿ ತೆರೆದು ಹೆಸರಾದ ಈಲೈ ಹಾರ್ಗ್ರೋವನಿಗೆ ಅವನ ಹೆಂಡತಿ ಬರೆದ ಕಾಗದಗಳು ಪತ್ರಾಗಾರ ಸೇರಿದವು. ಒಂದು ಕಾಗದದ ಎರಡು ಹಾಳೆಗಳನ್ನು ಅವಳೇ ಚುಚ್ಚಿದ್ದ ಗುಂಡುಸೂಜಿ ಹಿಡಿದುಕೊಂಡಿತ್ತು.

"ನೂರೈವತ್ತು ವರ್ಷ ಚುಚ್ಚಿದ್ದು ಸಾಲದೆಂದು ಮೈಗೆ ತುಕ್ಕನ್ನೂ ಬಳಿದೆ. ತೊಲಗಾಚೆ!" ಎಂದಿತು ಮೊದಲ ಹಾಳೆ.

"ಬಿಗಿಯಾಗಿ ಹಿಡಿ ಎಂದಿದ್ದಳು, ಹಿಡಿದೆ" ಎಂದಿತು ಸೂಜಿ.

ತುಕ್ಕು ಹಿಡಿದ ಸೂಜಿಗಳನ್ನು ತೆಗೆದುಬಿಡುವುದು ಅಲ್ಲಿನ ಪದ್ಧತಿ. ಪತ್ರಾಗಾರದ ಮಾರ್ಥಾ ಅದನ್ನು ಕಿತ್ತು ತಟ್ಟೆಗೆ ಹಾಕಿದಳು. ಅಷ್ಟರಲ್ಲಿ ಕೈತಪ್ಪಿ ಕಾಗದಗಳೆಲ್ಲ ನೆಲಕ್ಕೆ ಬಿದ್ದು ಕಲಸಿಹೋದವು.

ಮೊದಲ ಹಾಳೆ "ಜ್ವರ ಬಂದಿದ್ದ ನಮ್ಮ ಮಗಳು" ಎಂಬಲ್ಲಿಗೆ ಮುಗಿದಿತ್ತು. ಮಾರ್ಥಾ ಅದರ ಕೆಳಗೆ "ನಿನ್ನೆ ಕಣ್ಣು ಮುಚ್ಚಿದಳು" ಎಂದು ಶುರುವಾಗುವ ಹಾಳೆಯನ್ನಿಟ್ಟಳು.

"ಅಯ್ಯೋ, ಅದು ಬೇರೆ ಕಾಗದದ ಹಾಳೆ, ಅಜ್ಜಿ ತೀರಿಹೋದ ಸುದ್ದಿ! ನನ್ನ ಮಗು ಬದುಕಿದೆ!" ಎಂದು ಹಾಳೆ ಕೂಗಿತು. ಹಾಳೆಯ ಕೂಗು ಮನುಷ್ಯರ ಕಿವಿಗೆ ಕೇಳುವುದುಂಟೇ?

ಆದರೆ ಮಾರ್ಥಾಳ ಕಣ್ಣು ತುಕ್ಕಿನ ಕಲೆಯ ಮೇಲೆ ಬಿತ್ತು. ಅಂಥದ್ದೇ ಕಲೆಯಿದ್ದ ಹಾಳೆಯನ್ನು ಹುಡುಕಿ, ತೂತಿಗೆ ತೂತು ಕೂಡಿಸಿ ಓದಿದಳು: "ಎದ್ದು ಕೂತು ರೊಟ್ಟಿ ಕೇಳಿದಳು."

ಹಾಳೆ ತಟ್ಟೆಯಲ್ಲಿದ್ದ ಸೂಜಿಯತ್ತ ತಿರುಗಿತು. "ತಾಯಿ, ತೊಲಗು ಎಂದೆ ನಾನು. ನೀನು ಹೋಗುವಾಗಲೂ ಮಗುವನ್ನು ನನ್ನ ಮಡಿಲಿಗೆ ಹಾಕಿ ಹೋದೆ."