ಕೆಂಪು ಬಣ್ಣದ ನಾಲ್ಕನೇ ಸಾಲು

“ಗುರುಗಳೇ, ನಿಯಮ ಬರೆದವರು ನಾವೇ. ಅದನ್ನು ನಾವೇ ತಿದ್ದಿಕೊಂಡರೆ ತಪ್ಪೇನು?” ಎಂದು ಶಿಷ್ಯ ಮರಿದೇವ ಕೇಳಿದ.

ದಾಸೋಹದ ಮನೆ ಕಟ್ಟಿಸಲು ಮಠದವರು ಅದೃಷ್ಟದ ಚೀಟಿ ಮಾರಿದ್ದರು. ಬಹುಮಾನ ಹಾಲು ಕರೆಯುವ ಒಂದು ಹಸು. ಹಿಂದಿನ ದಿನ ಎಲ್ಲರೆದುರಿಗೆ ಚೀಟಿ ಎತ್ತಿದಾಗ ಬಂದದ್ದು ಚಹಾದಂಗಡಿಯವನ ಹೆಸರು. ಅವನು ಎಂದೂ ಮಠದ ಹೊಸ್ತಿಲು ತುಳಿದವನಲ್ಲ. ಸ್ವಾಮಿಗಳನ್ನು ಆಡಿಕೊಂಡು ನಗುವವನು. ‘ಭಕ್ತರಿಗೆ ಮಾತ್ರ’ ಎಂದು ಒಂದು ಸಾಲು ಸೇರಿಸಿ ಇನ್ನೊಮ್ಮೆ ಚೀಟಿ ಎತ್ತಬೇಕೆಂದು ಮರಿದೇವನ ಹಟ.

“ಎಲಾ ಇವನ! ಚೀಟಿ ಮಾರುವಾಗ ಅವನ ದುಡ್ಡು ಕಹಿಯಾಗಿರಲಿಲ್ಲವೇನೋ?” ಎಂದು ಗುರುಗಳು ನಕ್ಕರು. “ಕೂತುಕೋ. ಒಬ್ಬ ವ್ಯಾಪಾರಿಯ ಕತೆ ಕೇಳು.”

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಎದುರಿಗೇ ಇನ್ನೊಂದು ಅಂಗಡಿ ಬಂದು ಅವನ ಗಿರಾಕಿಗಳು ಕಡಿಮೆಯಾದರು. ಜನರನ್ನು ಸೆಳೆಯಲು ಅವನು ಬಾಗಿಲಲ್ಲಿ ಒಂದು ಹೊಲಿಗೆ ಯಂತ್ರ ತಂದಿಟ್ಟ. ಬಟ್ಟೆ ಕೊಂಡವರಿಗೆ ಒಂದು ಚೀಟಿ, ಎತ್ತಿದ ಚೀಟಿಗೆ ಯಂತ್ರ ಎಂದು ಲೆಕ್ಕ ಹಾಕಿ, ಅಪ್ಪಣೆ ಕೇಳಲು ಕಚೇರಿಗೆ ಹೋದ.

ಗುಮಾಸ್ತ ಹೇಳಿದ: “ಕೊಂಡವರಿಗೆ ಮಾತ್ರ ಅಂದರೆ ಅದು ಜೂಜು. ಕೇಳಿದವರಿಗೆಲ್ಲ ಚೀಟಿ ಕೊಡು. ಹೇಳಿದ ದಿನವೇ ಜನರೆದುರಿಗೆ, ನನ್ನ ಮುಂದೆ ಎತ್ತು. ತೋರಿಸಿದ ಬಹುಮಾನವನ್ನೇ ಕೊಡು. ನಿನ್ನ ಮನೆಯವರು ಸೇರುವಂತಿಲ್ಲ. ಈ ನಾಲ್ಕನ್ನೂ ಹಲಗೆಯ ಮೇಲೆ ಬರೆದು ಹಾಕು.”

ಕೊಳ್ಳದವರಿಗೂ ಚೀಟಿಯೇ, ಇದೊಳ್ಳೆ ಕತೆಯಾಯಿತಲ್ಲ ಎಂದು ಗೊಣಗುತ್ತ ಅವನು ಬಂದ. ಮೊದಲ ಮೂರು ಸಾಲನ್ನು ಇರುವೆಯಷ್ಟು ಸಣ್ಣಗೆ ಬರೆಸಿದ. ಮನೆಯವರು ಸೇರುವಂತಿಲ್ಲ ಎಂಬ ನಾಲ್ಕನೆಯದನ್ನು ಮಾತ್ರ ಕೆಂಪು ಬಣ್ಣದಲ್ಲಿ, ಗೇಣುದ್ದದ ಅಕ್ಷರಗಳಲ್ಲಿ ಬರೆಸಿದ. ಅದನ್ನು ನೋಡಿ ಜನ ತನ್ನನ್ನು ಪ್ರಾಮಾಣಿಕ ಅನ್ನಲಿ ಎಂದು ಅವನ ಆಸೆ. ಅಂದರು ಕೂಡ.

ಆ ವ್ಯಾಪಾರಿಗೆ ಒಬ್ಬಳು ತಂಗಿಯಿದ್ದಳು, ನೀಲವ್ವ ಎಂದು. ಗಂಡ ಸತ್ತ ಮೇಲೆ, ಅಪ್ಪ ಕಟ್ಟಿದ ಮನೆಯಲ್ಲಿ ಒಂದು ಕೋಣೆ ಕೊಡು ಎಂದು ಅಣ್ಣನನ್ನು ಕೇಳಿದ್ದಳು. ‘ಮದುವೆಯಾಗಿ ಹೋದವಳು, ನನ್ನ ಮನೆಯವಳಲ್ಲ’ ಎಂದು ಅವನು ಅದೇ ಕಚೇರಿಯಲ್ಲಿ ಬರೆದುಕೊಟ್ಟು ಕೈ ತೊಳೆದುಕೊಂಡಿದ್ದ. ಅವಳು ಊರಾಚೆ ಒಂದು ಗುಡಿಸಲು ಹಿಡಿದು ಕೈಹೊಲಿಗೆಯಿಂದ ಬದುಕುತ್ತಿದ್ದಳು. ದಿನಕ್ಕೆ ಒಂದು ರವಿಕೆ ಮುಗಿದರೆ ಹೆಚ್ಚು. ಯಂತ್ರವೊಂದಿದ್ದರೆ ಎರಡು ಹೊತ್ತು ಉಣ್ಣಬಹುದಿತ್ತು.

ಸೂಜಿಗೆ ದಾರ ಪೋಣಿಸುವ ಕಣ್ಣು ಅವಳದು. ಹಲಗೆಯ ಸಣ್ಣ ಅಕ್ಷರಗಳನ್ನೂ ಓದಿದಳು. ಏನೂ ಕೊಳ್ಳದೆ, ಕೇಳಿ ಒಂದು ಚೀಟಿ ಪಡೆದಳು.

ಗೊತ್ತುಮಾಡಿದ ದಿನ ಚೀಟಿ ಎತ್ತಿದರು. ನೀಲವ್ವನ ಹೆಸರು ಬಂತು.

ಏನೂ ಕೊಳ್ಳದವಳಿಗೆ ಯಂತ್ರ ಹೋಗುವುದನ್ನು ವ್ಯಾಪಾರಿ ಸಹಿಸಲಿಲ್ಲ. ಅದನ್ನು ತಪ್ಪಿಸುವ ದಾರಿ ಕೆಂಪು ಬಣ್ಣದಲ್ಲಿ ಕಂಡಿತು. “ನಾಲ್ಕನೇ ಸಾಲು ನೋಡಿ. ಇವಳು ನನ್ನ ಒಡಹುಟ್ಟಿದ ತಂಗಿ. ಮನೆಯವಳಿಗೆ ಬಹುಮಾನ ಕೊಟ್ಟರೆ ನೀವೇ ನಾಳೆ ಏನಂದೀರಿ? ಇನ್ನೊಂದು ಚೀಟಿ ಎತ್ತಿ” ಎಂದ. ಜನ ಭೇಷ್ ಎಂದರು.

ನೀಲವ್ವ ಹಿಂದೆ ಸರಿಯಲಿಲ್ಲ. ಗುಮಾಸ್ತನ ಮುಂದೆ ಬಂದು ನಿಂತಳು. “ಸ್ವಾಮಿ, ಅಣ್ಣ ಈಗ ಆಡಿದ ಮಾತನ್ನು ಬರೆದುಕೊಂಡು ರುಜು ಹಾಕಿಸಿ. ಯಂತ್ರ ಬೇಡ, ನಾನು ಅಪ್ಪನ ಮನೆಯ ಕೋಣೆಗೆ ಬರುತ್ತೇನೆ” ಎಂದಳು. ಆಮೇಲೆ ಅಣ್ಣನ ಕಡೆ ತಿರುಗಿದಳು. “ಅಣ್ಣಾ, ನಾನು ನಿನ್ನ ಮನೆಯವಳು ಹೌದೋ ಅಲ್ಲವೋ, ಇವತ್ತು ಒಂದು ಹೇಳಿಬಿಡು. ಯಾವುದು ಹೇಳಿದರೂ ನನಗೆ ಒಪ್ಪಿಗೆ.”

ಗುಮಾಸ್ತ ಲೇಖನಿ ಮುಂದೆ ಚಾಚಿದ. ವ್ಯಾಪಾರಿಯದು ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು. ಉಗುಳಲಾರ, ನುಂಗಲಾರ. ಜನ ಈಗ ಭೇಷ್ ಅನ್ನಲಿಲ್ಲ. ಅವಳು ನಿಂತ ಜಾಗದಿಂದ ಕದಲಲಿಲ್ಲ. ಕಡೆಗೆ ಅವನು ತಲೆ ತಗ್ಗಿಸಿ, “ಯಂತ್ರ ಒಯ್ಯು” ಎಂದ.

ಅವಳು ಅದನ್ನು ತಳ್ಳುಗಾಡಿಯ ಮೇಲೆ ಇಡಿಸಿಕೊಂಡು ತಾನೇ ತಳ್ಳಿಕೊಂಡು ಹೋದಳು. ದಾರಿಯುದ್ದಕ್ಕೂ ಅತ್ತಳು. ಅಣ್ಣ ‘ಹೌದು’ ಅಂದಾನು ಎಂದು ಅವಳು ಕಾದಿದ್ದಳು, ಮರಿದೇವ.

ಗುರುಗಳು ಕತೆ ನಿಲ್ಲಿಸಿದರು. ಮರಿದೇವನ ಕಣ್ಣು ಒದ್ದೆಯಾಗಿತ್ತು. “ಆ ವ್ಯಾಪಾರಿಗೆ ತಕ್ಕ ಶಾಸ್ತಿಯಾಯಿತು, ಗುರುಗಳೇ! ಊರ ಮುಂದೆ ಬರೆದು ಹಾಕಿದ ಮೇಲೆ ಕೊಡಲೇಬೇಕು” ಎಂದ.

“ಹಾಗಾದರೆ ಚಹಾದಂಗಡಿಯವನ ಹಸು ಇನ್ನೂ ನಮ್ಮ ಗೂಟದಲ್ಲಿ ಏಕಿದೆ?”