ದೊಡ್ಡಮನೆಯ ಹಗೇವು

“ಅಪ್ಪಾರ, ದೊಡ್ಡ ಮನೆತನದಾಗ ಹುಟ್ಟಿದವ ಅನ್ನೋ ಮಾತಿಗೆ ಒಳ್ಳೆಯವ ಅನ್ನೋ ಅರ್ಥ ಹೆಂಗ ಬಂತ್ರಿ?”

ಹುಲಿಗೆಪ್ಪ ಮಾಸ್ತರ ಮಠದ ಗುರುಗಳನ್ನು ಹೀಗೆ ಕೇಳಿದಾಗ ಅವನ ತೊಡೆಯ ಮೇಲೆ ಒಂದು ಚೀಲವಿತ್ತು. ಚೀಲದಲ್ಲಿ ಅವನೇ ಬರೆದ ಪುಸ್ತಕದ ಹಸ್ತಪ್ರತಿ. ಅದು ಊರಿನ ದೇಸಾಯರ ಮನೆತನದ ಇತಿಹಾಸ. ಹುಲಿಗೆಪ್ಪನ ಅಜ್ಜ ಆ ಮನೆಯಲ್ಲಿ ಜೀತಕ್ಕಿದ್ದು ಸತ್ತವನು. ಹುಲಿಗೆಪ್ಪನನ್ನು ಕಾಲೇಜಿಗೆ ಕಳಿಸಿ ಓದಿಸಿದ್ದೂ ಅದೇ ಮನೆ. ಆ ಉಪಕಾರ ನೆನೆದು ಪುಸ್ತಕ ಬರೆದಿದ್ದ. ಅದಕ್ಕೆ ಗುರುಗಳಿಂದ ನಾಲ್ಕು ಸಾಲಿನ ಆಶೀರ್ವಚನ ಬರೆಸಿಕೊಳ್ಳಲು ಬಂದಿದ್ದ.

ಅವನು ಇಂಗ್ಲಿಷ್ ಕಲಿಸುವ ಮಾಸ್ತರ. ದೇಸಾಯರನ್ನು ಹೊಗಳಲು ಮಾತು ಹುಡುಕುತ್ತ ದೊಡ್ಡ ನಿಘಂಟು ತೆರೆದಾಗ ತಲೆಯಲ್ಲಿ ಹುಳ ಹೊಕ್ಕಿತ್ತು. ಜಂಟಲ್ ಎಂದರೆ ಈಗ ಮೃದು ಸ್ವಭಾವದವನು, ಹಿಂದೆ ಒಳ್ಳೆಯ ವಂಶದವನು ಎಂದಷ್ಟೇ. ಜನರಸ್ ಎಂದರೆ ಈಗ ಧಾರಾಳಿ, ಹಿಂದೆ ಅದೂ ವಂಶದ ಮಾತೇ. ಸಿನಿಮಾದಲ್ಲಿ ನಾವು ಶಾಪ ಹಾಕುವ ವಿಲನ್ ಇದ್ದಾನಲ್ಲ, ಅವನು ಹಿಂದೆ ಧಣಿಯ ಜಮೀನಿನಲ್ಲಿ ದುಡಿಯುವ ಬಡ ಹಳ್ಳಿಗ, ಬೇರೇನೂ ಅಲ್ಲ. ಇದನ್ನೆಲ್ಲ ಹೇಳಿ ಹುಲಿಗೆಪ್ಪ, “ಹಂಗಾರ ದೊಡ್ಡವರೆಲ್ಲ ಖರೇನ ಒಳ್ಳೆಯವರಿದ್ರೇನ್ರಿ? ದುಡಿಯೋರೆಲ್ಲ ಕೆಟ್ಟವರಿದ್ರೇನ್ರಿ?” ಎಂದ.

“ಆ ದೇಶದ ಸುದ್ದಿ ನನಗ ತಿಳಿಯಂಗಿಲ್ಲಪಾ,” ಎಂದರು ಗುರುಗಳು. “ಒಂದು ಹಗೇವಿನ ಸುದ್ದಿ ಗೊತ್ತದ. ಕೇಳು.”

ಒಬ್ಬ ಹೆಳವನಿದ್ದ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಊರೂರು ತಿರುಗಿ, ಮನೆ ಮನೆಯ ಮುಂದೆ ಆ ಮನೆಯ ಹಿರಿಯರ ಹೆಸರು ಹೇಳುವುದು ಅವನ ಕಸುಬು. ಯಾರು ಯಾರಿಗೆ ಹುಟ್ಟಿದರು, ಯಾರು ಹೇಗೆ ಸತ್ತರು, ಎಲ್ಲ ಅವನ ನಾಲಗೆಯ ಮೇಲೆ. ಬಡವರ ಮನೆ ಎಂದು ದಾಟಿ ಹೋಗುವಂತಿಲ್ಲ. ಅವನು ಹೇಳಿದ್ದೇ ವಂಶ. ಅವನು ಬಿಟ್ಟವನು ಹುಟ್ಟಿಯೇ ಇಲ್ಲ.

ಅವನು ಹೋಗುತ್ತಿದ್ದ ಒಂದು ಊರಲ್ಲಿ ಒಬ್ಬ ಧಣಿ. ಧಣಿಯ ಮನೆ ದೊಡ್ಡದು, ಅದಕ್ಕೆ ಜನ ದೊಡ್ಡಮನೆ ಎನ್ನುತ್ತಿದ್ದರು. ಅದು ಹೊಗಳಿಕೆಯಲ್ಲ, ಕಂಬಗಳು ಹೆಚ್ಚಿದ್ದವು, ಅಷ್ಟೆ. ಅದೇ ಊರಲ್ಲಿ ಒಬ್ಬ ಆಳು. ನೆಲದೊಳಗೆ ಜೋಳ ತುಂಬಿಡುವ ಆಳದ ಗುಂಡಿಗೆ ಹಗೇವು ಎನ್ನುತ್ತಾರಲ್ಲ, ಅದರ ಬಾಯಿ ತೆರೆದು, ಒಳಗಿಳಿದು, ಕಾಳು ತೆಗೆದುಕೊಡುವುದು ಅವನ ಮನೆಯವರ ಕೆಲಸ. ಅದಕ್ಕೆ ಅವರನ್ನು ಹಗೇವಿನವರು ಎನ್ನುತ್ತಿದ್ದರು. ಅದೂ ಬೈಗುಳವಲ್ಲ.

ಹಗೇವಿಗೆ ಒಂದು ಕಟ್ಟಳೆ ಉಂಟು. ಬಾಯಿ ತೆರೆದ ಕೂಡಲೇ ಇಳಿಯಬಾರದು, ಒಳಗಿನ ಗಾಳಿ ವಿಷವಾಗಿರುತ್ತದೆ. ಒಂದು ಹಗಲು ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಉಳಿದರೆ ಮನುಷ್ಯ ಇಳಿಯಬಹುದು. ಆರಿದರೆ ಇನ್ನೂ ಕಾಯಬೇಕು.

ಧಣಿಯ ಮಗಳ ಮದುವೆ ಬಂತು. ಬೀಗರ ಮುಂದೆ ವಂಶ ಹೇಳಲು ಹೆಳವನನ್ನೂ ಕರೆಸಿದ್ದರು. ಬೀಗರು ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ನೂರಾರು ಮಂದಿಯೊಂದಿಗೆ ಬಂದಿಳಿದರು. ಅಡುಗೆಮನೆಯಲ್ಲಿ ಜೋಳ ಸಾಲಲಿಲ್ಲ. ಧಣಿ ಆಳನ್ನು ಹಿತ್ತಲಿಗೆ ಕರೆದೊಯ್ದು ಹಗೇವಿನ ಬಾಯಿ ತೆಗೆಸಿದ. ಹೆಳವ ಅಲ್ಲೇ ತನ್ನ ಎತ್ತು ಕಟ್ಟುತ್ತಿದ್ದ. ಆಳು ದೀಪಕ್ಕೆ ಹಗ್ಗ ಬಿಗಿಯಲು ಕೂತ.

“ದೀಪಾ ಅತ್ಲಾಗ ಇಡು. ಮಂದಿ ಹಸದು ಕುಂತಾರ, ಇಳಿ,” ಎಂದ ಧಣಿ.

“ಹೊತ್ತು ಮುಳುಗೂತನಾ ತಡೀರಿ ಧಣ್ಯಾರ.”

“ಅಷ್ಟೊತ್ತಿಗೆ ನನ್ನ ಮರ್ಯಾದಿ ಮುಳುಗತದ. ಇಳಿ.”

ಆಳು ಅದೇ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು ಇಳಿದ. ಮೇಲಿದ್ದ ಹಗ್ಗ ಒಮ್ಮೆ ಜಗ್ಗಿತು. ಮತ್ತೆ ಜಗ್ಗಲಿಲ್ಲ.

ಧಣಿ ಗುಂಡಿಯತ್ತ ಒಮ್ಮೆ ನೋಡಿದ, ಚಪ್ಪರದತ್ತ ಒಮ್ಮೆ ನೋಡಿದ. ತನ್ನ ಮಾತಿಗೆ ಒಂದು ಜೀವ ಹೋಯಿತೆಂದು ಗೊತ್ತಾದರೆ ಬೀಗರು ಎದ್ದು ಹೋಗುತ್ತಾರೆ. ಕೊನೆಗೆ ಹೆಳವನತ್ತ ತಿರುಗಿ, “ಕದಿಯಾಕ ಇಳಿದಿದ್ದ. ನೀನೂ ನೋಡಿದಿ,” ಎಂದ. ಹೆಳವ ಕೂತು ತಿರುಗುವ ಎತ್ತು ಧಣಿ ಕೊಟ್ಟದ್ದು. ಅವನು ತಲೆಯಾಡಿಸಿದ. ಅದೊಂದು ಸಲ ತಲೆಯಾಡಿಸಿದ್ದಷ್ಟೇ ಅವನ ಪಾಪ. ಉಳಿದದ್ದೆಲ್ಲ ತಾನಾಗಿಯೇ ನಡೆಯಿತು.

ಹೆಣ ಮೇಲೆತ್ತಿದರು. ಕಳ್ಳ ಎಂದು ಜನ ಉಗಿದರು. ಆಗ ಧಣಿ ಎಲ್ಲರ ಎದುರಿಗೆ ಒಂದು ಚೀಲ ಜೋಳ ತರಿಸಿ, ಸತ್ತವನ ಹೆಂಡತಿಯ ಮುಂದೆ ಇಡಿಸಿದ. ಅವಳು ಅದನ್ನು ಮುಟ್ಟಲಿಲ್ಲ. ಯಾರೋ ಹೊತ್ತು ಅವಳ ಗುಡಿಸಲಿಗೆ ಹಾಕಿ ಬಂದರು. ಕದ್ದವನ ಹೆಂಡತಿಗೂ ಕೊಡುವ ಕೈ ಇದು ಎಂದು ಬೀಗರು ಬೆರಗಾದರು. ಹೆಳವ ಅವತ್ತು ವಂಶ ಹೇಳುವಾಗ ಆ ಚೀಲವನ್ನೂ ಸೇರಿಸಿ ಹೇಳಿದ. ಮದುವೆ ಸಾಂಗವಾಗಿ ಮುಗಿಯಿತು.

ಮುಂದಿನ ಸುಗ್ಗಿಯಲ್ಲಿ ಹೆಳವ ಆ ವಿಧವೆಯ ಗುಡಿಸಲ ಮುಂದೆ ಎತ್ತು ನಿಲ್ಲಿಸಿದ. ಅವಳು ಮೊರದಲ್ಲಿ ಎರಡು ಹಿಡಿ ಕಾಳು ತಂದು ಹಿಡಿದಳು.

“ಎಲ್ಲಾರ ಹೆಸರೂ ಹೇಳಿದಿ. ನನ್ನ ಗಂಡ ಹೆಂಗ ಸತ್ತ ಅನ್ನೂದಷ್ಟ ಹೇಳು. ನನ್ನ ಮಗ ಕೇಳ್ಲಿ.”

“ಮುಂದಿನ ಸುಗ್ಗಿಗೆ ಹೇಳ್ತೀನಿ ನಮ್ಮವ್ವ,” ಎಂದ ಹೆಳವ.

ಹನ್ನೊಂದು ಸುಗ್ಗಿ ಅವಳು ಕೇಳಿದಳು, ಹನ್ನೊಂದು ಸಲ ಅವನು ಇದನ್ನೇ ಹೇಳಿದ. ಕಾಳು ಮಾತ್ರ ಪ್ರತಿ ಸಲ ಚೀಲಕ್ಕೆ ಹಾಕಿಕೊಂಡ. ಹನ್ನೆರಡನೆಯ ಸುಗ್ಗಿಗೆ ಬಂದಾಗ ಕೇಳಲು ಅವಳಿರಲಿಲ್ಲ.

ಜೋಳದ ಚೀಲದ ಕತೆ ಮಾತ್ರ ಇಪ್ಪತ್ತು ಊರು ಸುತ್ತಿತು. ಕೇಳುವವರಿಗೆ ಅದು ಬಲು ಇಷ್ಟ, ಕಣ್ಣಲ್ಲಿ ನೀರು ತಂದುಕೊಂಡು ಕೇಳುತ್ತಿದ್ದರು. ಕೈಬಿಚ್ಚಿ ಕೊಡುವವನನ್ನು ಕಂಡರೆ ದೊಡ್ಡಮನೆಯವ ಎನ್ನತೊಡಗಿದರು. ಕದ್ದು ಸಿಕ್ಕವನಿಗೆ ಹಗೇವಿನವ ಎಂದರು. ಆ ಮನೆಯನ್ನಾಗಲಿ ಆ ಗುಂಡಿಯನ್ನಾಗಲಿ ಎಂದೂ ನೋಡದವರೂ ಹಾಗೆಯೇ ಅಂದರು. ಧಣಿ ಸತ್ತ, ಅವನ ಮಗನೂ ಸತ್ತ. ಮಾತು ಸಾಯಲಿಲ್ಲ.

ಹೆಳವ ಹಣ್ಣು ಮುದುಕನಾದ. ಬಾಯಿಗೆ ಅನ್ನ ಸೇರದಾಯಿತು. ಸತ್ಯ ಹೇಳದೆ ತನಗೆ ಸಾವೂ ಬರುವುದಿಲ್ಲ ಎನ್ನಿಸಿ, ಎತ್ತು ಹತ್ತಿ ಆ ಆಳಿನ ಮೊಮ್ಮಗನ ಮನೆಗೆ ಹೋದ. ಮೊಮ್ಮಗ ಈಗ ದೊಡ್ಡಮನೆಯಲ್ಲಿ ಮೇಲ್ವಿಚಾರಣೆಗೆ ಇದ್ದ, ಹೊಸ ಹೆಂಚಿನ ಮನೆ ಕಟ್ಟಿದ್ದ. ಹೆಳವ ಅಂಗಳಕ್ಕೆ ಬಂದಾಗ ಅವನು ತನ್ನ ಪುಟ್ಟ ಮಗಳನ್ನು ಗದರಿಸುತ್ತಿದ್ದ. ಅವಳು ತಂಗಿಯ ಪಾಲಿನ ಬೆಲ್ಲವನ್ನೂ ತಿಂದಿದ್ದಳು.

“ಹಗೇವಿನವರ ಬುದ್ಧಿ ಬಿಡು. ದೊಡ್ಡಮನಿಯವರಂಗ ಹಂಚಿ ತಿನ್ನೂದು ಕಲಿ.”

ವಂಶ ಹೇಳುವಾಗ ಹೆಳವ ಎತ್ತಿನಿಂದ ಇಳಿಯುವ ಪದ್ಧತಿಯಿಲ್ಲ. ಅವನು ಇಳಿದ. ಕೈಮುಗಿದು ನಿಂತು, “ಯಪ್ಪಾ, ನಿಮ್ಮ ಅಜ್ಜ ಹಗೇವಿನವ...” ಎಂದು ಶುರುಮಾಡಿದ.

ಮುಂದಿನ ಮಾತಿಗೆ ಮೊಮ್ಮಗ ಕಾಯಲಿಲ್ಲ.

“ಯಾರಿಗೆ ಹಗೇವಿನವ ಅಂತೀ? ಇದು ಮರ್ಯಾದಸ್ಥರ ಮನಿ!” ಎಂದು ಮುದುಕನ ರಟ್ಟೆ ಹಿಡಿದು ಅಂಗಳದಾಚೆ ದಬ್ಬಿದ. ಕಾಳಿನ ಚೀಲವನ್ನು ಅವನ ಹಿಂದೆಯೇ ಎಸೆದ. ಹೆಳವ ಬೀದಿಯಲ್ಲಿ ಬಿದ್ದುಕೊಂಡೇ, ಅವನು ಕದ್ದಿರಲಿಲ್ಲ, ಕದ್ದಿರಲಿಲ್ಲ ಎಂದು ಕೂಗಿದ. ಯಾರು ಕದ್ದಿರಲಿಲ್ಲ, ಏನನ್ನು ಕದ್ದಿರಲಿಲ್ಲ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಬೀದಿಯ ಜನ ಮುದುಕನಿಗೆ ಅರಳುಮರಳು ಎಂದುಕೊಂಡರು. ಅವನು ಎಂಟು ದಿನದಲ್ಲಿ ಸತ್ತ. ಅವನೊಂದಿಗೆ ಆ ಆಳು ಎರಡನೆಯ ಸಲ ಸತ್ತ.

ಗುರುಗಳು ಕತೆ ನಿಲ್ಲಿಸಿದರು. ಹುಲಿಗೆಪ್ಪನ ಮುಖ ಕೆಂಪಾಗಿತ್ತು.

“ಆ ಹೆಳವ ಎಂಥಾ ಹೇಡಿರಿ ಅಪ್ಪಾರ! ಆ ಮೊಮ್ಮಗನೂ ಎಂಥಾ ಮನಷ್ಯಾ! ಸ್ವಂತ ಅಜ್ಜನ್ನ ಬೈದು, ಕೊಂದವರನ್ನ ಹೊಗಳತಾನಲ್ರಿ!”

ಗುರುಗಳು ಕನ್ನಡಕ ಹಾಕಿಕೊಂಡರು, ಪೆನ್ನಿನ ಮುಚ್ಚಳ ತೆಗೆದರು. ಆಶೀರ್ವಚನ ಬರೆಯುತ್ತಾರೆಂದು ಹುಲಿಗೆಪ್ಪ ಸಂತೋಷದಿಂದ ಚೀಲದೊಳಗೆ ಕೈಹಾಕಿ ಹಸ್ತಪ್ರತಿಯನ್ನು ಅರ್ಧ ಹೊರಗೆಳೆದ.

“ಹುಲಿಗೆಪ್ಪ, ಇದರಾಗ ನಿನ್ನ ಅಜ್ಜ ಯಾವ ಪುಟದಾಗ ಅದಾನ?” ಎಂದರು ಗುರುಗಳು.

ಹುಲಿಗೆಪ್ಪನ ಕೈ ಚೀಲದಲ್ಲೇ ಉಳಿಯಿತು.